ಚೊಂಬು ಎತ್ತುವ ಮೊದಲು ಹೊಟ್ಟೆ ಮುಟ್ಟಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗಿಡದ ಬಗ್ಗೆ. ಅಡೇನಿಯಂ. ನರ್ಸರಿಯವರು ಡೆಸರ್ಟ್ ರೋಸ್ ಅನ್ನುತ್ತಾರೆ. ಕೆಲವರು ಮರಳುಗಾಡಿನ ಗುಲಾಬಿ ಅಂತ ಬರೆದಿದ್ದೀರಿ. ನಮ್ಮ ಬೀದಿ ಮಕ್ಕಳು ಇಟ್ಟ ಹೆಸರು ಡೊಳ್ಳುಹೊಟ್ಟೆ ಗಿಡ. ನನಗೆ ಅದೇ ಇಷ್ಟ. ಗುಲಾಬಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, ಇದು ಕಣಗಿಲೆಯ ಬಳಗ. ಅದಕ್ಕೆ ಈ ಸಂಚಿಕೆಯ ಪುಟ ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ. ಕರಿಬೇವಿನ ಎಲೆ ಚುಕ್ಕೆ ಬಗ್ಗೆ ಕೇಳಿದ ಇಬ್ಬರು ಮುಂದಿನ ತಿಂಗಳ ತನಕ ತಡೆಯಬೇಕು, ಬೇಜಾರು ಮಾಡ್ಕೋಬೇಡಿ.

ಹೊಸಬರಿಗೆ ಒಂದು ಮಾತು. ನಾನು ಗಿಡದ ಡಾಕ್ಟರಲ್ಲ. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವಳು. ಚಿತ್ರದುರ್ಗದಲ್ಲಿ ಕೋಟೆ ಕಾಣುವ ಒಂದು ತಾರಸಿ, ಅದರ ಮೇಲೆ 34 ಕುಂಡ. ಅಷ್ಟೇ ನನ್ನ ಆಸ್ತಿ.

ಯುಗಾದಿಗೆ ಮುಂಚೆ ತಳ್ಳುಗಾಡಿಯವನ ಹತ್ತಿರ 350 ರೂಪಾಯಿ ಕೊಟ್ಟು ಅಡೇನಿಯಂ ತಂದೆ ಅಕ್ಕಾ. ಆಗ ಮೈತುಂಬ ಹೂ. ಈಗ ಒಂದೂ ಇಲ್ಲ, ಎಲೆ ಹಳದಿಯಾಗಿ ಉದುರುತ್ತಿದೆ. ದಿನಾ ಬೆಳಿಗ್ಗೆ ತುಳಸಿಗೆ ಹಾಕುವಾಗ ಇದಕ್ಕೂ ಒಂದು ಚೊಂಬು ನೀರು ಹಾಕುತ್ತೇನೆ. ಬಿಸಿಲು ತಾಗದ ಹಾಗೆ ವರಾಂಡದಲ್ಲಿ ಜೋಪಾನ ಮಾಡಿದ್ದೇನೆ. ಏನು ಕಮ್ಮಿ ಆಗಿದೆ?
— ಗೃಹಿಣಿ, ದಾವಣಗೆರೆ

ಕಮ್ಮಿ ಏನೂ ಆಗಿಲ್ಲಮ್ಮ, ಜಾಸ್ತಿ ಆಗಿದೆ. ನೀರು ಜಾಸ್ತಿ, ನೆರಳು ಜಾಸ್ತಿ.

ಈ ಗಿಡದ ತವರು ಆಫ್ರಿಕಾದ ಒಣ ಸೀಮೆ ಮತ್ತು ಅರಬ್ಬರ ನಾಡು. ಯೆಮನ್ ದೇಶದ ಏಡನ್ ಬಂದರಿನ ಹೆಸರಿನಿಂದಲೇ ಅಡೇನಿಯಂ ಆಗಿದ್ದು. ಅದರ ಜೊತೆ ಬರುವ ಇನ್ನೊಂದು ಹೆಸರು ಒಬೆಸಂ, ಅಂದರೆ ಬೊಜ್ಜಿನದು. ಬುಡದಲ್ಲಿ ಉಬ್ಬಿರುತ್ತದಲ್ಲ, ಅದು ಬೊಜ್ಜಲ್ಲ, ನೀರಿನ ತೊಟ್ಟಿ. ತಿಂಗಳುಗಟ್ಟಲೆ ಮಳೆ ಬಾರದಿದ್ದರೂ ಆ ತೊಟ್ಟಿಯ ನೀರಲ್ಲೇ ಸಂಸಾರ ತೂಗಿಸುತ್ತದೆ. ಅಂಥ ಗಿಡಕ್ಕೆ ನೀವು ತುಳಸಿಯ ಲೆಕ್ಕದಲ್ಲಿ ನೀರು ಕೊಡುತ್ತಿದ್ದೀರಿ.

ನಾನು ಮಾಡುವುದು ಇಷ್ಟು. ಚೊಂಬು ಎತ್ತುವ ಮೊದಲು ಎರಡು ಬೆರಳಲ್ಲಿ ಅದರ ಹೊಟ್ಟೆ ಒತ್ತಿ ನೋಡುತ್ತೇನೆ. ಹಸಿ ಆಲೂಗಡ್ಡೆ ಹಾಗೆ ಗಟ್ಟಿ ಇದ್ದರೆ ಮುಂದಿನ ಕುಂಡಕ್ಕೆ ಹೋಗುತ್ತೇನೆ. ಸ್ವಲ್ಪ ಬಗ್ಗಿದರೆ ಮಣ್ಣಿಗೆ ಬೆರಳು ಹಾಕುತ್ತೇನೆ. ಎರಡು ಗೆಣ್ಣಿನ ತನಕ ಒಣಗಿದ್ದರೆ ಮಾತ್ರ ನೀರು. ಕೊಡುವಾಗ ಜಿಪುಣತನ ಬೇಡ, ಕೆಳಗಿನ ತೂತಿನಿಂದ ಹರಿದು ಬರುವಷ್ಟು ಕೊಡಿ. ಆಮೇಲೆ ಮತ್ತೆ ಒಣಗುವ ತನಕ ಆ ಕಡೆ ತಿರುಗಿ ನೋಡಬೇಡಿ. ಏಪ್ರಿಲ್ ಬಿಸಿಲಲ್ಲಿ ನನ್ನ ತಾರಸಿ ಮೇಲೆ ಎರಡು ಮೂರು ದಿನಕ್ಕೊಮ್ಮೆ ಬೇಕಾಗುತ್ತದೆ. ಈಗ ಮೋಡದ ದಿನ, ವಾರ ಹತ್ತು ದಿನ ಬಿಟ್ಟರೂ ನಡೆಯುತ್ತದೆ. ಡಿಸೆಂಬರ್ ಚಳಿಯಲ್ಲಿ ಎಲೆ ಉದುರಿಸಿ ಮಲಗಿದರೆ ಇನ್ನೂ ಕಮ್ಮಿ. ಆಗ ಸತ್ತೇ ಹೋಯಿತು ಅಂತ ಕಿತ್ತು ಎಸೆದವರು ಎಷ್ಟೋ ಜನ.

ಇನ್ನು ಬಿಸಿಲು. ಆರು ಗಂಟೆ ನೇರ ಬಿಸಿಲು ಇಲ್ಲದಿದ್ದರೆ ಇದು ಹೂ ಬಿಡುವ ಯೋಚನೆಯನ್ನೇ ಮಾಡುವುದಿಲ್ಲ. ಉದ್ದುದ್ದ ಸಪೂರ ಕೊಂಬೆ ಬಿಟ್ಟು ಬೆಳಕು ಹುಡುಕುತ್ತಾ ಹೋಗುತ್ತದೆ. ತಾರಸಿಗೆ ಸಾಗಿಸಿ. ಒಂದೇ ದಿನ ಬೇಡ, ವರಾಂಡದಲ್ಲಿ ಬೆಳೆದ ಎಲೆ ಸುಟ್ಟುಹೋಗುತ್ತದೆ. ಒಂದು ವಾರ ಬೆಳಗಿನ ಬಿಸಿಲಿಗಿಟ್ಟು, ಆಮೇಲೆ ಪೂರ್ತಿ ಬಿಸಿಲಿಗೆ ಬಿಡಿ. ಕುಂಡದ ಕೆಳಗಿನ ತಟ್ಟೆ ಇವತ್ತೇ ತೆಗೆಯಿರಿ. ಅದಕ್ಕೆ ಬೇರೆ ಏನಾದರೂ ಕೆಲಸ ಕೊಡಿ.

ಮೇಡಂ, ನನ್ನ ಗಿಡದ ಬುಡ ಮೆತ್ತಗಾಗಿದೆ. ನೀರು ಸಾಲದೆ ಹೀಗಾಯಿತು ಅಂತ ಮತ್ತೆ ನೀರು ಹಾಕಿದೆ. ಇನ್ನೂ ಮೆತ್ತಗಾಯಿತು. ಒಂದು ಥರ ವಾಸನೆ ಬರುತ್ತಿದೆ. ಉಳಿಯುತ್ತದಾ?
— ಕಾಲೇಜು ವಿದ್ಯಾರ್ಥಿನಿ, ಹಿರಿಯೂರು

ವಾಸನೆ ಬಂದಿದೆ ಅಂದರೆ ಕೊಳೆತಿದೆ ಮಗಳೇ. ಈ ಗಿಡ ಮೆತ್ತಗಾಗುವುದರಲ್ಲಿ ಎರಡು ಥರ ಇದೆ. ಮಣ್ಣು ಒಣಗಿದೆ, ಹೊಟ್ಟೆ ಸುಕ್ಕುಗಟ್ಟಿ ಬಗ್ಗುತ್ತದೆ ಅಂದರೆ ಬಾಯಾರಿಕೆ. ಒಂದು ಸಲ ನೀರು ಕುಡಿಸಿದರೆ ಎರಡು ಮೂರು ದಿನದಲ್ಲಿ ಮತ್ತೆ ಬಿಗಿಯಾಗುತ್ತದೆ. ಮಣ್ಣು ಹಸಿಯಾಗಿದೆ, ಹೊಟ್ಟೆ ಕೊಳೆತ ಪರಂಗಿಹಣ್ಣಿನ ಹಾಗೆ ಒಳಕ್ಕೆ ಹೋಗುತ್ತದೆ ಅಂದರೆ ಬೇರು ಕೊಳೆ. ಎರಡಕ್ಕೂ ಔಷಧಿ ಉಲ್ಟಾ. ನೀವು ಮಾಡಿದ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ನಿಮ್ಮ ಊರಿಗೆ ಬಂದಾಗಲೇ.

2022ರ ಸೆಪ್ಟೆಂಬರ್. ಹಿರಿಯೂರು ಹತ್ತಿರದ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು. 1933ರಲ್ಲಿ ಬಿದ್ದಿದ್ದು ಬಿಟ್ಟರೆ ಮತ್ತೆ ಬಿದ್ದಿದ್ದು ಆಗಲೇ, 89 ವರ್ಷದ ಮೇಲೆ. ನಮ್ಮಪ್ಪ ಕೋಡಿ ನೋಡಬೇಕು ನೋಡಬೇಕು ಅಂತಲೇ ಹೋದರು. ನಾನು ಬಿಡುತ್ತೇನಾ? ಹಿರಿಯೂರಿನ ತಂಗಿ ಮನೆಗೆ ಬಂದು ನಾಲ್ಕು ದಿನ ಇದ್ದೆ. ದಿನಾ ಹೋಗಿ ಆ ನೀರು ನೋಡಿದ್ದೇ ನೋಡಿದ್ದು. ಜಾತ್ರೆ ಥರ ಜನ, ಮಿರ್ಚಿ ಮಂಡಕ್ಕಿ, ಕೋಡಿಯ ಸದ್ದು. ಇಲ್ಲಿ ದುರ್ಗದಲ್ಲಿ ಅದೇ ಮಳೆ ನನ್ನ ತಾರಸಿಯ ಮೇಲೂ ಸುರಿಯುತ್ತಿದೆ ಅನ್ನುವುದು ತಲೆಗೇ ಬರಲಿಲ್ಲ. ಮನೆಗೆ ಬಂದು ನೋಡಿದರೆ ಕುಂಡಗಳ ತಟ್ಟೆಯಲ್ಲಿ ನೀರು ನಿಂತು ಸೊಳ್ಳೆಮರಿ ಆಡುತ್ತಿವೆ. ಹನ್ನೊಂದು ಗಿಡ ಹೋದವು. ಊರಿಗೆಲ್ಲ ಸಂಭ್ರಮ, ನನಗೆ ಸೂತಕ.

ಒಂದನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ, ಒಂಬತ್ತು ವರ್ಷದ ಗಿಡ. ಅಡುಗೆಮನೆ ಈಳಿಗೆ ಬೇಡ ಅಂತ ಹೊಸ ಚಾಕು ತಂದೆ. ಗಿಡ ಕಿತ್ತು, ಮಣ್ಣೆಲ್ಲ ತೊಳೆದು, ಹಳೇ ಪೇಪರ್ ಮೇಲೆ ಮಲಗಿಸಿದೆ. ಒಂದು ಬಿಲ್ಲೆ ಕತ್ತರಿಸಿದೆ. ಒಳಗೆಲ್ಲ ಕಂದು, ಒದ್ದೆ ಬೆಲ್ಲದ ಹಾಗೆ. ಸ್ಪಿರಿಟ್‌ನಲ್ಲಿ ಚಾಕು ಒರೆಸಿ ಇನ್ನೊಂದು ಬಿಲ್ಲೆ. ನಡುವೆ ಸ್ವಲ್ಪ ಬಿಳಿ ಕಂಡಿತು, ಸುತ್ತ ಕಂದು ಉಂಗುರ. ಮತ್ತೆ ಒರೆಸಿದೆ, ಮತ್ತೆ ಕತ್ತರಿಸಿದೆ. ಐದನೇ ಬಿಲ್ಲೆಗೆ ಪೂರ್ತಿ ಬಿಳಿ, ಹಸಿ ಮೂಲಂಗಿ ಹಾಗೆ. ಅಂಚಿನಲ್ಲಿ ಮುತ್ತಿನಂತೆ ಹಾಲು ಒಸರಿತು. ಅಲ್ಲಿಗೆ ನಿಲ್ಲಿಸಿದೆ. ಒಂದು ಚುಕ್ಕೆ ಕಂದು ಉಳಿದರೂ ಕೊಳೆ ಮತ್ತೆ ಹತ್ತುತ್ತದೆ, ಅಯ್ಯೋ ಪಾಪ ಅನ್ನಬಾರದು.

ನೀವೂ ಹೀಗೇ ಮಾಡಿ. ಕತ್ತರಿಸಿದ ಮೇಲೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಶಿಲೀಂಧ್ರನಾಶಕ ಪುಡಿಯನ್ನು ಗಾಯಕ್ಕೆ ಹಚ್ಚಿ. ಕೈಗೆ ಗ್ಲೌಸ್ ಇರಲಿ. ಎಲೆಗಳನ್ನೆಲ್ಲ ತೆಗೆದುಬಿಡಿ. ದಾರ ಕಟ್ಟಿ, ಗಾಳಿ ಆಡುವ ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ. ವಾರ ಹತ್ತು ದಿನಕ್ಕೆ ಗಾಯ ಒಣಗಿ ತೊಗಲಿನಂತಾಗುತ್ತದೆ. ಆಮೇಲೆ ಒಣ ಮಣ್ಣಿಗೆ ನೆಡಿ, ಒಂದು ವಾರ ನೀರು ಬೇಡ. ನನ್ನದು ಹೊಸ ಎಲೆ ಬಿಡಲು ಎರಡು ತಿಂಗಳು ತೆಗೆದುಕೊಂಡಿತು. ಸೊಟ್ಟ ಆಯಿತು, ಹೊಟ್ಟೆ ಅರ್ಧ ಹೋಯಿತು, ಆದರೆ ಬದುಕಿತು. ಕೊಳೆ ಕೊಂಬೆ ಹೊರಡುವ ಜಾಗದ ತನಕ ಏರಿದ್ದರೆ ಬುಡದ ಆಸೆ ಬಿಟ್ಟು, ಚೆನ್ನಾಗಿರುವ ಕೊಂಬೆ ಕತ್ತರಿಸಿ ನೆಟ್ಟುಕೊಳ್ಳಿ.

ನಮ್ಮ ಹೊಲದ್ದು ಎರೆ ಮಣ್ಣು, ಚಿನ್ನದಂಥ ಮಣ್ಣು. ಕುಂಡಕ್ಕೆ ಅದನ್ನೇ ಹಾಕಬಹುದೇ?
— ನಿವೃತ್ತ ನೌಕರರು, ಹರಿಹರ

ಹತ್ತಿಗೆ ಚಿನ್ನ ಸ್ವಾಮಿ, ಇದಕ್ಕೆ ಸಮಾಧಿ. ಎರೆ ಮಣ್ಣು ನೀರು ಕುಡಿದು ಅಂಟಾಗಿ ಕೂರುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣು ಎಲ್ಲಿಂದಾದರೂ ಒಂದು ಬುಟ್ಟಿ ತನ್ನಿ. ಅದಕ್ಕೆ ಎರಡು ಬುಟ್ಟಿ ದಪ್ಪ ಮರಳು, ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಬುಟ್ಟಿ ಕಡಲೆಕಾಳು ಗಾತ್ರದ ಇಟ್ಟಿಗೆ ಚೂರು, ಎರಡು ಹಿಡಿ ಬೇವಿನ ಹಿಂಡಿ. ಎಂ ಸ್ಯಾಂಡ್ ಆದರೆ ತೊಳೆದು ಧೂಳು ತೆಗೆಯಿರಿ, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಕೂತುಬಿಡುತ್ತದೆ.

ನಿಮಗೆ ದಾವಣಗೆರೆ ಹತ್ತಿರ, ಒಂದು ಅನುಕೂಲ ಇದೆ. ಮಂಡಕ್ಕಿ ಭಟ್ಟಿಯಲ್ಲಿ ಭತ್ತದ ಹೊಟ್ಟು ಉರಿಸುವವರು ಇದ್ದಾರೆ. ಅರೆಸುಟ್ಟು ಕರ್ರಗಾದ ಹೊಟ್ಟು ಸಿಕ್ಕರೆ ಒಂದು ಚೀಲ ತನ್ನಿ, ಮಣ್ಣು ಹಗುರಾಗುತ್ತದೆ, ನೀರು ಬಸಿಯುತ್ತದೆ. ಬಿಳಿ ಬೂದಿ ಬೇಡ, ಅದರಲ್ಲಿ ಕ್ಷಾರ ಜಾಸ್ತಿ. ಒಲೆಗೆ ಹೊಟ್ಟು ಬಿಟ್ಟು ಬೇರೆ ಏನು ಹಾಕುತ್ತಾರೆ ಅಂತಲೂ ಕೇಳಿಕೊಳ್ಳಿ. ಹಳೇ ಟೈರ್ ಸುಟ್ಟ ಬೂದಿ ಗಿಡಕ್ಕೂ ಬೇಡ, ನಿಮಗೂ ಬೇಡ.

ಮಿಶ್ರಣ ಸರಿ ಇದೆಯಾ ಅಂತ ನೋಡಲು ಕುಂಡಕ್ಕೆ ಒಂದು ಮಗ್ ನೀರು ಸುರಿದು ಎಣಿಸಿ. ಹತ್ತು ಎಣಿಸುವುದರೊಳಗೆ ಕೆಳಗೆ ನೀರು ಬರಬೇಕು. ಬರದಿದ್ದರೆ ಇನ್ನೊಂದು ಬೊಗಸೆ ಮರಳು.

ನಮ್ಮ ಕೋಟೆಗೆ ಬಂದವರು ಕಲ್ಲಿನ ಬತೇರಿ ನೋಡಿ ಹೋಗುತ್ತಾರೆ, ಹೊಂಡ ನೋಡುವುದಿಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಊರೊಳಗಿನ ಸಂತೆ ಹೊಂಡಕ್ಕೆ. ಬರದ ಸೀಮೆಯವರು ನೀರು ಹಿಡಿಯುವುದನ್ನು ಕಲಿತ ಹಾಗೇ ಬಿಡುವುದನ್ನೂ ಕಲಿತಿದ್ದರು. ಅದು ಹಾಗಿರಲಿ. ನಿಮ್ಮ ಕುಂಡಕ್ಕೆ ಕೆಳಗೆ ಹೆಬ್ಬೆರಳು ತೂರುವಷ್ಟು ತೂತು ಇದೆಯಾ ನೋಡಿ. ಮಣ್ಣಿನ ಕುಂಡವಾದರೆ ಒಳ್ಳೆಯದು, ಆಳ ಕಮ್ಮಿ, ಬಾಯಿ ಅಗಲ.

ಕಪ್ಪುಗೆಂಪು ಬಣ್ಣದ, ಸುತ್ತು ಸುತ್ತು ಎಸಳಿನ ಹೂವಿನ ಗಿಡ ಅಂತ 900 ರೂಪಾಯಿಗೆ ತಂದೆ. ಮೊದಲ ವರ್ಷ ಹಾಗೇ ಬಿಟ್ಟಿತು. ಈ ವರ್ಷ ಐದೇ ಎಸಳಿನ ಸಾದಾ ಗುಲಾಬಿ ಬಣ್ಣದ ಹೂ. ಬಣ್ಣ ಬದಲಾಯಿತೇ, ಇಲ್ಲ ಮೋಸವೇ? ಇದರ ಬೀಜ ಹಾಕಿದರೆ ಹಳೇ ಬಣ್ಣ ಬರುತ್ತದೆಯೇ?
— ಮೊಬೈಲ್ ಅಂಗಡಿ ಹುಡುಗ, ಚಳ್ಳಕೆರೆ

ಮೋಸ ಅಲ್ಲ ತಮ್ಮಾ, ಅದು ಕಸಿ ಗಿಡ. ಬುಡ ಒಂದು ಸಾದಾ ಬೀಜದ ಗಿಡದ್ದು, ಮೇಲಿನ ಕೊಂಬೆ ನಿನ್ನ ಕಪ್ಪುಗೆಂಪಿನದು. ಎರಡೂ ಕೂಡಿದ ಜಾಗದಲ್ಲಿ ಒಂದು ಗಾಯದ ಗೆರೆ ಇರುತ್ತದೆ, ಬೆರಳಲ್ಲಿ ಸವರಿ ನೋಡು, ಸಿಗುತ್ತದೆ. ಆ ಗೆರೆಯ ಕೆಳಗಿನಿಂದ ಬಂದ ಚಿಗುರೆಲ್ಲ ಬುಡದ ಗಿಡದ್ದು. ಅದಕ್ಕೆ ಜೋರು ಜಾಸ್ತಿ. ಬಿಟ್ಟರೆ ಮೇಲಿನದನ್ನು ಉಪವಾಸ ಕೆಡವಿ ತಾನೇ ಮೆರೆಯುತ್ತದೆ. ಗೆರೆಯ ಮೇಲೆ ಒಂದು ಕೊಂಬೆಯಾದರೂ ಜೀವ ಇದ್ದರೆ ಕೆಳಗಿನ ಚಿಗುರನ್ನೆಲ್ಲ ಬುಡಸಮೇತ ಸವರಿಬಿಡು, ಕಪ್ಪುಗೆಂಪು ಮತ್ತೆ ಬರುತ್ತದೆ. ಇಲ್ಲದಿದ್ದರೆ ಗುಲಾಬಿ ಬಣ್ಣವನ್ನೇ ಪ್ರೀತಿಸು. ನನಗೆ ಕೇಳಿದರೆ ಐದೆಸಳಿನದೇ ಚೆಂದ. ಆ ಮುದ್ದೆ ಮುದ್ದೆ ಹೂ ಮಳೆ ಬಿದ್ದರೆ ಒದ್ದೆ ಕರ್ಚೀಫಿನ ಹಾಗೆ ಜೋಲುತ್ತದೆ.

ಬೀಜದಿಂದ ತಾಯಿ ಬಣ್ಣವೇ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಆದರೂ ಬೀಜ ಹಾಕು. ಡುಮ್ಮ ಹೊಟ್ಟೆ ಚೆನ್ನಾಗಿ ಬರುವುದು ಬೀಜದ ಗಿಡಕ್ಕೇ, ಕಡ್ಡಿ ನೆಟ್ಟರೆ ಹೂ ಬರುತ್ತದೆ, ಅಂಥ ಹೊಟ್ಟೆ ಬರುವುದು ಕಷ್ಟ. ಕಾಯಿ ಹೋರಿಯ ಕೋಡಿನ ಹಾಗೆ ಜೋಡಿಯಾಗಿ ಬರುತ್ತದೆ. ಬಲಿತ ಮೇಲೆ ಒಂದು ದಿನ ಸೀಳಿಕೊಂಡು, ಎರಡೂ ತುದಿಗೆ ಜುಟ್ಟು ಇರುವ ಬೀಜಗಳು ಗಾಳಿಗೆ ಎದ್ದು ಹೋಗುತ್ತವೆ. ನಿಮ್ಮ ಚಳ್ಳಕೆರೆ ಗಾಳಿ ಗೊತ್ತಲ್ಲ, ಆಂಧ್ರ ಸೇರಿಬಿಡುತ್ತವೆ. ಅದಕ್ಕೆ ಕಾಯಿ ಉಬ್ಬಿದಾಗಲೇ ಸೊಳ್ಳೆಪರದೆ ತುಂಡು ಸುತ್ತಿ ದಾರ ಕಟ್ಟಬೇಕು. ಹೊಸ ಬೀಜವನ್ನು ಅಡ್ಡ ಮಲಗಿಸಿ ಮೇಲೆ ತೆಳ್ಳಗೆ ಮರಳು ಉದುರಿಸಿದರೆ ಒಂದು ವಾರದಲ್ಲೇ ಮೊಳಕೆ. ಹಳೇ ಬೀಜ ಏಳುವುದಿಲ್ಲ. ನಾನೊಮ್ಮೆ ಮೊಬೈಲಲ್ಲಿ ನೋಡಿ ನೀಲಿ ಅಡೇನಿಯಂ ಬೀಜ ಅಂತ ತರಿಸಿದ್ದೆ. ಬಂದದ್ದು ಯಾವುದೋ ಹುಲ್ಲಿನ ಬೀಜ. ನೀಲಿ ಅಡೇನಿಯಂ ಅನ್ನುವುದೇ ಇಲ್ಲ, ಫೋಟೋಗೆ ಬಣ್ಣ ಹಚ್ಚಿದ್ದು. ವಿಜ್ಞಾನದ ಟೀಚರ್ ಟೋಪಿ ಹಾಕಿಸಿಕೊಂಡ ಕಥೆ ಇದು, ಯಾರಿಗೂ ಹೇಳಬೇಡ.

ಸಸಿಗೆ ವರ್ಷ ತುಂಬಿದ ಮೇಲೆ ಕುಂಡ ಬದಲಿಸುವಾಗೆಲ್ಲ ಬುಡವನ್ನು ಒಂದೊಂದು ಅಂಗುಲ ಮೇಲೆತ್ತಿ ನೆಡುತ್ತಾ ಬಾ. ಮಣ್ಣೊಳಗಿನ ದಪ್ಪ ಬೇರು ಹೊರಗೆ ಕಾಣುತ್ತಾ ಆಲದ ಮರದ ಗತ್ತು ಬರುತ್ತದೆ.

ಮೊಮ್ಮಗಳಿಗೆ ಎರಡು ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾಳೆ. ಈ ಗಿಡದಲ್ಲಿ ವಿಷ ಇದೆ ಅಂತಾರೆ, ನಿಜವಾ? ನಮ್ಮ ಓರಗಿತ್ತಿ ಬೇರೆ, ಹಾಲು ಬರುವ ಗಿಡ ಮನೆ ಮುಂದೆ ಇಡಬಾರದು, ಒಳ್ಳೇದಾಗಲ್ಲ ಅನ್ನುತ್ತಾಳೆ.
— ಅಜ್ಜಿ, ಹೊಳಲ್ಕೆರೆ

ಮೊದಲನೆಯದು ನಿಜ. ಎಲೆ, ಕೊಂಬೆ, ಬೇರು, ಹೂ, ಬೀಜ ಎಲ್ಲದರಲ್ಲೂ ವಿಷ ಇದೆ. ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ಆಫ್ರಿಕಾದಲ್ಲಿ ಬೇಟೆಯವರು ಇದರ ರಸವನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಮಗು ಅಗಿದು ನುಂಗಿದ್ದು ಗೊತ್ತಾದರೆ ಮನೆ ಮದ್ದು, ವಾಂತಿ ಮಾಡಿಸುವುದು ಯಾವುದೂ ಬೇಡ. ಒಂದು ಕೊಂಬೆ ಕೈಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಿ, ಡಾಕ್ಟರಿಗೆ ಇಂಥದೇ ಗಿಡ ಅಂತ ತೋರಿಸಬಹುದು. ಹಾಲು ಕಣ್ಣಿಗೆ ಸಿಡಿದರೆ ತುಂಬಾ ಹೊತ್ತು ನೀರಲ್ಲಿ ತೊಳೆಯಬೇಕು, ಉರಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದನ್ನು ಮುಟ್ಟದಿರುವುದೇ ಆಡಿಗೆ ಒಳ್ಳೆಯದು. ಕತ್ತರಿಸಿದ ಕೊಂಬೆ ಬೀದಿಗೆ ಎಸೆಯಬೇಡಿ, ದನ ಬಾಯಿ ಹಾಕೀತು. ಮೊಮ್ಮಗಳಿಗೆ ಐದಾರು ವರ್ಷ ಆಗುವ ತನಕ ಗಿಡ ತಾರಸಿ ಮೇಲೆ ಇರಲಿ, ಮೆಟ್ಟಿಲ ಬಾಗಿಲಿಗೆ ಅಗುಳಿ ಹಾಕಿ.

ಎರಡನೆಯದಕ್ಕೆ ಏನು ಹೇಳಲಿ? ನಂದಿಬಟ್ಟಲಲ್ಲಿ ಹಾಲಿದೆ, ದೇವಕಣಗಿಲೆಯಲ್ಲಿ ಹಾಲಿದೆ. ಎಕ್ಕದಲ್ಲಂತೂ ಹಾಲೇ ಹಾಲು, ಅದರ ಹಾರ ಗಣಪತಿಗೂ ಆಂಜನೇಯನಿಗೂ ಹಾಕುತ್ತೇವೆ. ಓರಗಿತ್ತಿಯವರಿಗೆ ಇದನ್ನು ಮೆಲ್ಲಗೆ ಹೇಳಿ. ಜಗಳ ಆದರೆ ನನ್ನ ಹೆಸರು ಬೇಡ.

ಹಸಿರು ಹುಳು ಒಂದು ರಾತ್ರಿಯಲ್ಲಿ ಎಲೆಯೆಲ್ಲ ತಿಂದಿದೆ. ಕುತ್ತಿಗೆ ಹತ್ತಿರ ನೀಲಿ ಕಣ್ಣು. ಯಾವ ಔಷಧಿ? ಬಾಳೆಹಣ್ಣಿನ ಸಿಪ್ಪೆ ನೀರು ಹಾಕಿದರೆ ಹೂ ಜಾಸ್ತಿ ಬರುತ್ತದಂತೆ, ಹೌದಾ?
— ಹೊಸದುರ್ಗದ ಓದುಗರು

ಅದು ಕಣಗಿಲೆ ಗಿಡದ ಹುಳು. ನೀಲಿ ಚುಕ್ಕೆ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸುವ ವೇಷ. ಮುಟ್ಟಿದರೆ ತಲೆ ಒಳಗೆಳೆದುಕೊಂಡು ಆ ಕಣ್ಣನ್ನು ಉಬ್ಬಿಸಿ ತೋರಿಸುತ್ತದೆ, ಒಮ್ಮೆ ನೋಡಿ, ನಗು ಬರುತ್ತದೆ. ಗಿಡವೊಂದಕ್ಕೆ ಒಂದೋ ಎರಡೋ ಇರುತ್ತವೆ, ಔಷಧಿ ಯಾಕೆ? ಕಡ್ಡಿಯಲ್ಲಿ ಎತ್ತಿ. ನಾನು ಹಿತ್ತಲ ನಂದಿಬಟ್ಟಲಿಗೆ ಬಿಡುತ್ತೇನೆ, ಅದೂ ಅವುಗಳಿಗೆ ಊಟವೇ. ಆಮೇಲೆ ಹಸಿರು ಬಣ್ಣದ ಚೆಂದದ ಪತಂಗ ಆಗುತ್ತದೆ. ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಬಂದರೆ ಮಾತ್ರ ಸುಮ್ನೆ ಬಿಡಬೇಡಿ. ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒರೆಸಿ. ಜಾಸ್ತಿ ಇದ್ದರೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಹೊತ್ತು ಹೊಡೆಯಿರಿ.

ಸಿಪ್ಪೆ ನೀರು ಹಾಕಿದರೆ ಇರುವೆ ಬರುತ್ತವೆ, ಗುಂಗಾಡು ಬರುತ್ತವೆ. ಹೂ ಬರುವುದು ಕೊಂಬೆಯ ತುದಿಯಲ್ಲಿ. ತುದಿ ಜಾಸ್ತಿ ಆದಷ್ಟೂ ಹೂ ಜಾಸ್ತಿ. ಅದಕ್ಕೆ ಶಿವರಾತ್ರಿ ಕಳೆದ ಮೇಲೆ ಕೊಂಬೆಗಳನ್ನು ತುದಿಯಿಂದ ಮೂರನೇ ಒಂದು ಭಾಗದಷ್ಟು ಕತ್ತರಿಸಿ, ಮಳೆಗಾಲದಲ್ಲಿ ಬೇಡ. ಎರಡು ಹಿಡಿ ಎರೆಗೊಬ್ಬರ, ಒಂದು ಚಮಚ ಮೂಳೆಪುಡಿ ಸಾಕು. ಯೂರಿಯಾ ಹಾಕಿದರೆ ಬರೀ ಎಲೆ.

ನಮ್ಮ ಹೊಲದಲ್ಲಿ ಮಳೆ ಇಲ್ಲ, ಬೋರಿನಲ್ಲಿ ನೀರಿಲ್ಲ. ಇದನ್ನೇ ಒಂದು ಎಕರೆ ಹಾಕಿದರೆ ಹೇಗೆ?
— ರೈತರು, ಜಗಳೂರು

ಬೇಡ ಅಣ್ಣಾ. ಈ ಹೂವನ್ನು ಯಾರೂ ಮೊಳ ಹಾಕಿ ಕೊಳ್ಳುವುದಿಲ್ಲ. ಮಾರಾಟ ಆಗುವುದು ಕುಂಡದ ಗಿಡ, ಅದು ನರ್ಸರಿ ವ್ಯವಹಾರ, ನೆರಳುಬಲೆ, ಕಸಿ ಕೆಲಸದವರು ಎಲ್ಲ ಬೇಕು. ಮನೆ ಮುಂದೆ ಚೆಂದಕ್ಕೆ ಬೇಕಾದರೆ ಮಸಾರಿ ನೆಲದಲ್ಲಿ ಮೊಳಕಾಲೆತ್ತರ ಕಲ್ಲುಮಣ್ಣಿನ ದಿಬ್ಬ ಮಾಡಿ ಎರಡು ಗಿಡ ನೆಡಿ.

ಹೂ ಬಿಡುವ ಒಣಸೀಮೆಯ ಗಿಡ ಬೇಕು ಅಂದರೆ ನಿಮ್ಮ ಬದುವಿನ ಮೇಲೇ ಇದೆಯಲ್ಲ, ತಂಗಡಿ. ಆವರಿಕೆ ಅಂತಲೂ ಅನ್ನುತ್ತಾರೆ. ಹಿಂದೆ ಚರ್ಮ ಹದ ಮಾಡಲು ಇದರ ತೊಗಟೆ ಬೇಕಾಗಿತ್ತು. ಪಕ್ಕದ ತೆಲಂಗಾಣದವರು ಇದನ್ನೇ ರಾಜ್ಯದ ಹೂ ಮಾಡಿಕೊಂಡು ಬತುಕಮ್ಮ ಹಬ್ಬದಲ್ಲಿ ತಟ್ಟೆ ತುಂಬ ಪೇರಿಸುತ್ತಾರೆ. ನಾವು ಕಳೆ ಅಂತ ಕೀಳುತ್ತೇವೆ. ಒಣಗಿದ ಕಾಯಿ ತಂದು ಬೀಜ ಬಿಡಿಸಿ, ಬಿಸಿನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿ, ಮುಂಗಾರಿನ ಮೊದಲ ಹದಕ್ಕೆ ಬದುವಿಗೆ ಎರಚಿ. ದುಡ್ಡು ಬರುವುದಿಲ್ಲ, ಜೇನು ಬರುತ್ತದೆ, ಬದು ಕೊಚ್ಚಿ ಹೋಗುವುದಿಲ್ಲ.

ನಿಮ್ಮ ಮನೆ ಮುಂದೆಯೇ ದಿನಾ ವಾಕಿಂಗ್ ಹೋಗುತ್ತೇನೆ. ಗೇಟಿನ ಪಕ್ಕ ಒಂದು ಸೊಟ್ಟ ಅಡೇನಿಯಂ ಇದೆಯಲ್ಲ, ಮಾರುತ್ತೀರಾ?
— ಚಿತ್ರದುರ್ಗದವರೇ

ಅದು ಐದು ಬಿಲ್ಲೆ ಕಳೆದುಕೊಂಡು ಬದುಕಿದ್ದು, ಮಾರುವುದಿಲ್ಲ. ಶಿವರಾತ್ರಿ ಆದ ಮೇಲೆ ಕೊಂಬೆ ಕತ್ತರಿಸುತ್ತೇನೆ, ಗೇಟು ತಟ್ಟಿ, ನಾಲ್ಕು ಕಡ್ಡಿ ಕೊಡುತ್ತೇನೆ. ಬರುವಾಗ ಹಳೇ ಪೇಪರ್ ತನ್ನಿ, ಹಾಲು ಸೋರುತ್ತದೆ.